ಇಬ್ಬರಿಗೊಂದು ದುರ್ಬೀನು

ಅಫ್ಶೀನಳನ್ನು ಹಕ್ಕಿ ನೋಡಲು ಕರೆದುಕೊಂಡು ಹೋದವಳು ನಾನೇ. ಚಿಕ್ಕಮ್ಮನ ಮಗಳು, ರಜೆಗೆ ಬಂದಿದ್ದಾಳೆ, ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಬದಲು ನಾಲ್ಕು ಹಕ್ಕಿ ನೋಡಲಿ ಅಂದುಕೊಂಡೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ನಮ್ಮ ಗುಂಪಿನಲ್ಲಿ ಜನ ಜಾಸ್ತಿ, ದುರ್ಬೀನು ಕಡಿಮೆ. ಅದಕ್ಕೇ ಇಬ್ಬರಿಗೊಂದು. ಉಬ್ರಾಣಿ ಕಡೆಯ ಕಣಿವೆಗೆ ಇಳಿಯುವ ಮೊದಲು ಗುಂಪು ನಡೆಸುವ ಭೀಮೇಶ್ ಮೇಷ್ಟ್ರು ಜೋಡಿಗಳನ್ನು ಕೂಗುತ್ತಾರೆ. ಮೊದಲ ನಡಿಗೆಯಿಂದಲೂ ನಾನು, ಚೈತ್ರಶ್ರೀ ಜೋಡಿ. ಕೆರೆಬಿಳಚಿಯಲ್ಲಿ ನನ್ನ ಟೈಲರ್ ಅಂಗಡಿಯ ಪಕ್ಕದಲ್ಲೇ ಅವಳ ಬ್ಯೂಟಿ ಪಾರ್ಲರ್. ವಾರವೆಲ್ಲ ಗಿರಾಕಿಗಳ ಬಾಯಿಗೆ ಸಿಕ್ಕಿ ಸುಸ್ತಾಗುವ ನಮಗೆ ಭಾನುವಾರದ ಈ ಬೆಳಗ್ಗೆ ಅಂದರೆ ಪ್ರಾಣ.

ಅವತ್ತು ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಚೈತ್ರ ಶುರು ಮಾಡಿದಳು: "ಸರ್, ನಾನು ಈ ಹುಡುಗಿ ಜತೆ ಹೋಗ್ತೀನ್ರಿ. ಹೊಸಬಳು, ತೋರಿಸಾಕೆ ಯಾರಾದ್ರೂ ಬೇಕಲ್ಲ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಬ್ಬಬ್ಬಾ, ಏನು ಧಾರಾಳ! ನನ್ನ ಪಾಲಿಗೆ ಬಂದವರು ರಂಗಣ್ಣ. ಒಳ್ಳೆಯ ಮನುಷ್ಯ, ಆದರೆ ಹಕ್ಕಿ ಕಂಡ ಕೂಡಲೇ ಕೆಮ್ಮುತ್ತಾರೆ.

ದಾರಿಯುದ್ದಕ್ಕೂ ನನ್ನ ಕಣ್ಣು ಅವರಿಬ್ಬರ ಮೇಲೇ. ದುರ್ಬೀನು ಅವಳ ಕೈಯಿಂದ ಇವಳ ಕೈಗೆ, ಜತೆಗೆ ಕಿಸಿಕಿಸಿ ನಗು ಬೇರೆ. "ಆ ಹಸಿರು ಹಕ್ಕಿ, ಕಳ್ಳಿಪೀರ, ಕಾಣ್ತೇನಮ್ಮ?" ಎಂದು ರಂಗಣ್ಣ ಕೇಳಿದರೆ "ಕಾಣ್ತು ಬಿಡ್ರಿ" ಎಂದು ರೇಗಿದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನ ಗೆಳತಿಯನ್ನು ನನ್ನ ತಂಗಿಯೇ ಕಸಿದುಕೊಂಡಳಲ್ಲ!

ಹಳ್ಳದ ಅತ್ತಿಮರದ ಹತ್ತಿರ ಮೇಷ್ಟ್ರು ಕೈ ಎತ್ತಿದರು. ರಾಜಹಕ್ಕಿ! ಉದ್ದನೆಯ ಬಿಳಿ ಬಾಲ ಇಳಿಬಿಟ್ಟು ಕೂತಿತ್ತು. ಚೈತ್ರ ದುರ್ಬೀನು ಕಣ್ಣಿಗಿಟ್ಟವಳೇ "ಅಯ್ಯೋ ನಮ್ಮವ್ವ!" ಎಂದಳು. ಅದೇ ಹಕ್ಕಿಯನ್ನು ನನ್ನ ಜತೆ ಎಷ್ಟು ಸಲ ನೋಡಿಲ್ಲ? ಒಮ್ಮೆಯೂ ಹಾಗೆ ಅಂದವಳಲ್ಲ. ತಡೆಯಲಾಗಲಿಲ್ಲ, ಹೋಗಿ ಕಿತ್ತುಕೊಂಡೆ. ನೋಡಿದರೆ ಎಲ್ಲ ಮಸುಕು.

"ಏನೇ ಮಾಡಿಟ್ಟೀಯ ಇದನ್ನ? ಏನೂ ಕಾಣ್ತಿಲ್ಲ!"

"ಬಲಗಣ್ಣಿನ ಗಾಜಿನ ಉಂಗುರ ತಿರುಗಿಸೀನಿ," ಎಂದಳು ಚೈತ್ರ. "ನಿನ್ನ ಬಲಗಣ್ಣು ವೀಕು. ನಿನಗೆ ಸರಿಹೋಗಂಗೆ ಇಟ್ರೆ ನನಗೆ ಮಸುಕು. ಮುಟ್ಟಿದ್ರೆ ಕೂಗಾಡ್ತೀಯ. ಇಷ್ಟು ವರ್ಷ ಹಂಗೇ ನೋಡ್ದೆ. ಇವಳ ಕಣ್ಣು ನನ್ನಂಗೇ ಐತೆ. ಒಂದು ಸಲನಾದ್ರೂ ಸರಿಯಾಗಿ ನೋಡಬೇಕು ಅನ್ನಿಸ್ತು ಕಣೇ."

"ಮತ್ತೆ ನನ್ನ ಜತೆ ಬಂದಾಗೆಲ್ಲ ಕಾಣ್ತು, ಕಾಣ್ತು ಅಂತಿದ್ದೆಯಲ್ಲೇ?"

"ಕಾಣಲ್ಲ ಅಂದ್ರೆ ನೀನು ಬೇರೆಯವರನ್ನ ಜೋಡಿ ಮಾಡ್ಕಂತೀಯ ಅಂತ ಹೆದ್ರಿಕೆ." ಅವಳು ಹಕ್ಕಿಯ ಕಡೆ ಕೈ ತೋರಿಸಿದಳು. "ಅದರ ಕಣ್ಣಿನ ಸುತ್ತ ನೀಲಿ ಬಳೆ ಐತಲ್ಲ, ಇವತ್ತೇ ಕಂಡಿದ್ದು."

ಆ ನೀಲಿ ಬಳೆ ನನಗೆ ಯಾವತ್ತಿನಿಂದಲೋ ಗೊತ್ತು. ಅವಳಿಗೂ ಗೊತ್ತು ಅಂದುಕೊಂಡಿದ್ದೆ. ಪಕ್ಕದಲ್ಲಿ ಪಿಳಿಪಿಳಿ ನೋಡುತ್ತ ನಿಂತಿದ್ದ ಅಫ್ಶೀನಳ ಆ ಎರಡು ಕಣ್ಣುಗಳ ಮೇಲೆ ನನಗೆ ಇನ್ನಿಲ್ಲದ ಹೊಟ್ಟೆಕಿಚ್ಚಾಯಿತು.

ಉಂಗುರ ತಿರುಗಿಸದೆ ದುರ್ಬೀನನ್ನು ಚೈತ್ರಳ ಕೈಗಿಟ್ಟೆ. ಬರಿಗಣ್ಣಿಗೆ ಎಲೆಗಳ ನಡುವೆ ಏನೋ ಬೆಳ್ಳಗೆ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಅವಳ ಭುಜಕ್ಕೆ ಭುಜ ತಾಗಿಸಿ ನಿಂತೆ.

"ಹೇಳೇ," ಎಂದೆ, "ಈಗ ಏನು ಮಾಡ್ತೈತೆ?"