ಮೂರು ಸಲ ಕೂಗಿದ ಹೆಸರು

ಹಜ್‌ಗೆ ಹೊರಡುವವರು ಸೂಟ್‌ಕೇಸು ಕೊಳ್ಳುವ ಮುಂಚೆ ಗೊತ್ತಿದ್ದವರ ಮನೆಮನೆಗೂ ಹೋಗಿ, ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಂಡು ಬರಬೇಕು. ಎರಡು ಸಾವಿರದ ಒಂಬತ್ತರ ರಂಜಾನ್ ಮುಗಿದ ಮೂರನೆಯ ದಿನ ಚಳ್ಳಕೆರೆಯ ಮೆಕ್ಯಾನಿಕ್ ಅಬ್ದುಲ್ ಖಾದರ್ ಹೆಂಡತಿ ಸಾಬಿರಾಳನ್ನು ಕರೆದುಕೊಂಡು ಮೊಳಕಾಲ್ಮುರಿನ ಚೌಡೇಶನ ಮನೆಗೆ ಬಂದದ್ದು ಅದಕ್ಕೇ. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ. ಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ನೇಯುತ್ತಿದ್ದ ಚೌಡೇಶ, ಬಂದವರನ್ನು ನೋಡಿ ಗಡಬಡಿಸಿ ಎದ್ದ.

"ಲೇ ಚೌಡೇಶ, ಕೂತ್ಕೋ. ಇವತ್ತು ನೀನು ದೊಡ್ಡೋನು, ನಾನು ಸಣ್ಣೋನು," ಎಂದು ಖಾದರ್ ನಗುತ್ತಲೇ ಶುರು ಮಾಡಿದ. ಆಮೇಲೆ ನಗು ಬಿಟ್ಟು ಗೆಳೆಯನ ಎರಡೂ ಕೈ ಹಿಡಿದುಕೊಂಡ. "ಇಷ್ಟು ವರ್ಷದಾಗೆ ನಾನು ಬೈದಿದ್ದು, ರೇಗ್ಸಿದ್ದು, ನಿಂಗೆ ಗೊತ್ತಿಲ್ದಂಗೆ ಏನಾದ್ರೂ ಮಾಡಿದ್ದು ಇದ್ರೆ ಮಾಫ್ ಮಾಡ್ಬಿಡು. ಮನಸ್ಸಿನಾಗೆ ಇಟ್ಕೋಬ್ಯಾಡ."

ಮಂಡಿನೋವಿನ ಸಾಬಿರಾ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. "ನಂದೂ ಮಾಫ್ ಮಾಡು ಚೌಡೇಶಣ್ಣ. ಒಂದ್ಸಲ ನಿನ್ನ ಟೀಯಾಗೆ ಸಕ್ಕರೆ ಬದ್ಲು ಉಪ್ಪು ಹಾಕಿದ್ದೆ. ಬೇಕಂತ್ಲೇ."

ಎಲ್ಲರೂ ನಕ್ಕರು. ಚೌಡೇಶನೂ ನಕ್ಕ. ಆದರೆ ನಿಜವಾಗಿ ಮಾಫ್ ಕೇಳಬೇಕಾದವನು ಅವನೇ. ಕೈ ಗೆಳೆಯನ ಕೈಯಲ್ಲಿದೆ, ಎದುರಿಗಿದ್ದವನ ಮನಸ್ಸು ಮೆತ್ತಗಾಗಿದೆ. ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಯಾವ ಜೋಯಿಸನೂ ಹುಡುಕಿ ಕೊಡುತ್ತಿರಲಿಲ್ಲ. ಆ ಪುಣ್ಯಾತ್ಮ ಚೌಡೇಶ ಮಾಡಿದ್ದೇನು? "ಅಯ್ಯೋ, ನಿಂದೇನೈತಪ್ಪ, ಆರಾಮಾಗಿ ಹೋಗಿ ಬಾ," ಎಂದು ಕೈ ಬಿಡಿಸಿಕೊಂಡು ಟೀ ಹೇಳುವ ನೆಪದಲ್ಲಿ ಒಳಗೆ ಹೋದ. ಹೆಂಡತಿ ತಿಪ್ಪಕ್ಕ ಅವನ ಮುಖ ನೋಡಿ ಮನೆಮಾತು ತೆಲುಗಿನಲ್ಲಿ "ಏಮಯಿಂದಿ?" ಏನಾಯಿತು, ಎಂದಳು. "ಏಮೀ ಲೇದು," ಏನೂ ಇಲ್ಲ, ಎಂದ. ಹನ್ನೊಂದು ವರ್ಷದಿಂದ ಅವನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದನ್ನೇ.

ಹನ್ನೊಂದು ವರ್ಷದ ಹಿಂದೆ ಖಾದರನ ಅಂಗಡಿ ತಳಕಿನಲ್ಲಿತ್ತು. ರಿಪೇರಿಗೆ ಬಂದ ಯಾರದೋ ಟಿವಿಎಸ್ ಗಾಡಿಯನ್ನು ಟ್ರಯಲ್ ನೋಡಲು ಬಳ್ಳಾರಿ ರಸ್ತೆಗೆ ಬಿಟ್ಟ. ಪೊಲೀಸರು ಕೈ ಅಡ್ಡ ಹಾಕಿದರು. ಗಾಡಿಗೆ ಇನ್ಶೂರೆನ್ಸ್ ಇಲ್ಲ. ಓಡಿಸುವವನಿಗೆ ಲೈಸೆನ್ಸ್ ಇಲ್ಲ. ಸುತ್ತ ಹತ್ತು ಹಳ್ಳಿಯ ಗಾಡಿಗಳನ್ನೆಲ್ಲ ಬಿಚ್ಚಿ ಕಟ್ಟುವ ಮನುಷ್ಯನಿಗೆ ತಾನೊಂದು ಲೈಸೆನ್ಸ್ ಮಾಡಿಸಬೇಕೆಂದು ತೋಚಿರಲಿಲ್ಲ. ಇಂಥ ದಿನ ಚಳ್ಳಕೆರೆ ಕೋರ್ಟಿಗೆ ಬಾ ಎಂದು ಚೀಟಿ ಕೊಟ್ಟು ಕಳಿಸಿದರು.

ಆ ಚೀಟಿಯನ್ನು ಓದಿ ಹೇಳಿದವನು ಚೌಡೇಶ. ಖಾದರ್ ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಕೂತವನು. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬಾರದು. ಕರೆಂಟ್ ಬಿಲ್ಲಿನಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಅವನಿಗೆ ಬಂದ ಕಾಗದಗಳೆಲ್ಲ ಚೌಡೇಶ ಬರುವವರೆಗೆ ಕಾಯುತ್ತಿದ್ದವು. ಚಳ್ಳಕೆರೆಯ ಸಾಹುಕಾರರಿಗೆ ಸೀರೆ ಕೊಡಲು ಹೋಗುವಾಗಲೂ ಬರುವಾಗಲೂ ಚೌಡೇಶ ತಳಕಿನಲ್ಲಿ ಬಸ್ಸಿಳಿದು ಒಂದು ಟೀ ಕುಡಿದೇ ಮುಂದೆ ಹೋಗುವುದು.

"ಆವತ್ತು ನಂಗೆ ಜೀಪಿನ ಇಂಜಿನ್ ಇಳಿಸೋದೈತೆ," ಎಂದಿದ್ದ ಖಾದರ್. "ನೀನು ಹೆಂಗೂ ಸೀರೆ ತಗೊಂಡು ಹೋಗ್ತೀಯಾ. ನನ್ ಹೆಸ್ರು ಕೂಗ್ದಾಗ ಓ ಅನ್ನು. ಒಪ್ಕೋತೀನಿ ಸ್ವಾಮಿ ಅನ್ನು. ದಂಡ ಕಟ್ಟಿ ಬಾ. ಯಾರು ಮುಖ ನೋಡ್ತಾರೋ?"

"ಆಗ್ಲಿ ಬಿಡು," ಎಂದಿದ್ದ ಚೌಡೇಶ. ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಟ್ಟು ಬಂದ ಕಥೆಗಳು ಗ್ಯಾರೇಜುಗಳಲ್ಲಿ ಬೇಕಾದಷ್ಟಿದ್ದವು. ಸುಳ್ಳೋ ನಿಜವೋ, ಅವನ್ನು ಹೇಳುವವರ ಧೈರ್ಯವಂತೂ ಕೇಳುವವರಿಗೂ ಬರುತ್ತಿತ್ತು.

ಚೌಡೇಶನ ಮನೆಯಲ್ಲಿ ಒಂದು ಪದ್ಧತಿ. ಸೀರೆ ಮಗ್ಗದಿಂದ ಇಳಿದ ಬೆಳಗ್ಗೆ ಮಗ್ಗಕ್ಕೆ ಪೂಜೆ ಮಾಡಿ, ಅದೇ ಕುಂಕುಮವನ್ನು ನೇಯ್ದವನ ಹಣೆಗೆ ಹೆಬ್ಬೆರಳಗಲ ಎಳೆಯುತ್ತಾರೆ. ಸೀರೆ ಸಾಹುಕಾರರ ಕೈ ಸೇರುವವರೆಗೆ ಅದನ್ನು ಅಳಿಸುವಂತಿಲ್ಲ. ಅಳಿಸಿದರೆ ಮುಂದೆ ಮಗ್ಗಕ್ಕೆ ಏರಿಸುವ ಎಳೆಗಳು ಕಡಿಯುತ್ತಲೇ ಇರುತ್ತವೆ ಎಂದು ಅವನ ಅಜ್ಜನ ಕಾಲದಿಂದ ನಂಬಿಕೆ. ಕೋರ್ಟಿನ ದಿನ ತಿಪ್ಪಕ್ಕ ಎಂದಿಗಿಂತ ಧಾರಾಳವಾಗಿಯೇ ಕುಂಕುಮ ಎಳೆದಿದ್ದಳು.

ಬಸ್ಸು ತಡವಾಗಿ, ಚೌಡೇಶ ಸಾಹುಕಾರರ ಅಂಗಡಿಗೆ ಹೋಗದೆ ನೇರ ಕೋರ್ಟಿಗೆ ಬಂದ. ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಬಾಗಿಲ ಹತ್ತಿರ ನಿಂತ ಜವಾನ ಜಂಪಣ್ಣ ಗಂಟಲೆತ್ತಿ ಕೂಗಿದ: "ಅಬ್ದುಲ್ ಖಾದರ್!"

ಆಗ ಚೌಡೇಶನಿಗೆ ತನ್ನ ಹಣೆ ನೆನಪಾಯಿತು. ಹುಬ್ಬಿನಿಂದ ಕೂದಲಿನವರೆಗೆ ಕೆಂಪಗೆ ಎಳೆದ ಈ ಹಣೆ ಹೊತ್ತುಕೊಂಡು ಆ ಹೆಸರಿಗೆ ಓ ಅಂದರೆ ನ್ಯಾಯಾಧೀಶರು ತಲೆ ಎತ್ತಿ ನೋಡದೆ ಇರುತ್ತಾರೆಯೇ? ಒರೆಸಿಬಿಡಲು ಹೆಗಲ ಟವೆಲ್ಲು ತೆಗೆದ. ತೊಡೆಯ ಮೇಲೆ ಸೀರೆ. ಅವನೂ ತಿಪ್ಪಕ್ಕನೂ ತಿಂಗಳುಗಟ್ಟಲೆ ಕಣ್ಣು ಕಳೆದುಕೊಂಡು ಮಾಡಿದ ಸೀರೆ, ಇನ್ನೂ ಮಾರಿಲ್ಲ. "ಅಬ್ದುಲ್ ಖಾದರ್!" ಟವೆಲ್ಲು ಹಣೆಯ ಹತ್ತಿರಕ್ಕೆ ಬಂತು, ಅಲ್ಲೇ ನಿಂತಿತು. ಮೂರನೆಯ ಸಲವೂ ಕೂಗಿದ್ದಾಯಿತು. ಆಮೇಲೆ ಜಂಪಣ್ಣ ಬೇರೆ ಹೆಸರು ಕೂಗಿದ.

ಅರ್ಧ ಗಂಟೆಯಲ್ಲಿ ಸೀರೆ ಸಾಹುಕಾರರ ಕೈ ಸೇರಿತು. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಚೌಡೇಶ ಹಣೆ ತೊಳೆದುಕೊಂಡ. ಅರ್ಧ ಗಂಟೆ ಮೊದಲು ಇದೇ ಹಣೆ ಇದ್ದಿದ್ದರೆ ಎಂದು ಅಲ್ಲಿಯೇ ಅಳು ಬಂತು.

ತಳಕಿನಲ್ಲಿ ಇಳಿದಾಗ ಖಾದರ್ ಜೀಪಿನ ಕೆಳಗೆ ಮಲಗಿದ್ದ. ಕಾಣುತ್ತಿದ್ದದ್ದು ಎರಡು ಪಾದ. ಮುಖಕ್ಕೆ ಮುಖ ಕೊಟ್ಟಿದ್ದರೆ ಚೌಡೇಶನ ಬಾಯಲ್ಲಿ ನಿಜವೇ ಬರುತ್ತಿತ್ತೋ ಏನೋ.

"ಆಯ್ತೇನೋ?" ಎಂದಿತು ಜೀಪಿನ ಕೆಳಗಿನ ದನಿ.

"ಆಯ್ತು," ಎಂದ ಚೌಡೇಶ. ದಂಡಕ್ಕೆಂದು ಕೊಟ್ಟಿದ್ದ ದುಡ್ಡನ್ನು ಸದ್ದಾಗದಂತೆ ಖಾದರನ ಮೇಜಿನ ಡ್ರಾದಲ್ಲಿ ಹಾಕಿ ಹೊರಟ. ಮುಂದಿನ ವಾರ ಹೋಗಿ ಸರಿ ಮಾಡಿ, ಆಮೇಲೆ ಎಲ್ಲ ಹೇಳಿ ನಗಿಸಬೇಕೆಂದಿದ್ದ. ಮುಂದಿನ ವಾರ ವಕೀಲರ ಗುಮಾಸ್ತನೊಬ್ಬನನ್ನು ಕೇಳಿದರೆ, ವಾರಂಟ್ ಆಗಿರುತ್ತದೆ, ಇನ್ನು ಆಸಾಮಿಯೇ ಬರಬೇಕು ಎಂದ. ವಾರಂಟ್ ಎಂಬ ಮಾತು ಕೇಳಿಯೇ ಚೌಡೇಶನ ನಾಲಿಗೆ ಒಳಗೆ ಹೋಯಿತು. ಯಾರೂ ಹುಡುಕಿಕೊಂಡು ಬರಲಿಲ್ಲ. ಮುಂದೆ ಖಾದರ್ ಅಂಗಡಿಯನ್ನು ಚಳ್ಳಕೆರೆಗೆ ಬದಲಾಯಿಸಿದ, ಲೈಸೆನ್ಸನ್ನೂ ಮಾಡಿಸಿದ. ವರ್ಷಗಳು ಕಳೆದಂತೆ ಚೌಡೇಶನಿಗೆ ಆ ಸುಳ್ಳು ಹಳೆಯ ಗಾಯದ ಕಲೆಯಷ್ಟೇ ಆಯಿತು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮಾಫ್ ಕೇಳಿ ಹೋದ ಹತ್ತನೆಯ ದಿನ, ಬುಧವಾರ, ಖಾದರ್ ಫೋನ್ ಮಾಡಿದ. ಮೊದಲಿನ ಹಾಗಲ್ಲ, ಆ ವರ್ಷದಿಂದ ಹಜ್‌ಗೆ ಪೂರ್ತಿ ಪಾಸ್‌ಪೋರ್ಟೇ ಬೇಕಾಗಿತ್ತು. ಸಾಬಿರಾಳದು ಬಂದಿತ್ತು. ಖಾದರನದು ಪೊಲೀಸ್ ವಿಚಾರಣೆಯಲ್ಲಿ ನಿಂತಿತ್ತು.

"ನನ್ ಮ್ಯಾಲೆ ತೊಂಬತ್ತೆಂಟರ ವಾರಂಟ್ ಐತಂತೆ ಕಣೋ! ನಾನು ನಕ್ಬಿಟ್ಟೆ. ನಮ್ ಚೌಡೇಶ ಆವತ್ತೇ ಕಟ್ಟಿ ಬಂದವ್ನೆ ಸಾರ್, ಕೋರ್ಟಿನಾಗೆ ರೆಕಾರ್ಡ್ ಇರ್ತೈತೆ, ತರ್ತೀನಿ ಅಂದೆ. ಶನಿವಾರದೊಳಗೆ ಪಾಸ್‌ಪೋರ್ಟ್ ಕೊಡ್ಬೇಕು, ಇಲ್ಲಾಂದ್ರೆ ಹಜ್ ಕಮಿಟಿಯೋರು ಚೀಟಿ ಎತ್ತಿದಾಗ ನಮ್ಗೆ ಬಂದಿರೋ ಸೀಟು ಬ್ಯಾರೆಯೋರ್ಗೆ ಹೋಗ್ತೈತೆ. ನಾನಿಲ್ದೆ ಸಾಬಿರಾನೂ ಹೋಗಂಗಿಲ್ಲ. ನಾಳೆ ಬಾ, ಇಬ್ರೂ ಹುಡುಕ್ಸೋಣ."

"ಬರ್ತೀನಿ," ಎಂದ ಚೌಡೇಶ. ಹೇಳುವ ಗಳಿಗೆ ಮತ್ತೊಂದು ಬಂದು ಮತ್ತೊಂದು ಹೋಯಿತು.

ಮರುದಿನ ಬಸ್ಸಿನಲ್ಲಿ ಅವನು ಬೇಡಿಕೊಂಡದ್ದು ನಾಚಿಕೆಗೇಡಿನ ಬೇಡಿಕೆ. ಅವ್ವಾ ಚೌಡೇಶ್ವರಿ, ಆ ಫೈಲಿಗೆ ಗೆದ್ದಲು ಹಿಡಿದಿರಲಿ. ಸಣ್ಣ ಕೇಸುಗಳ ಕಾಗದವನ್ನು ಕೆಲವು ವರ್ಷಕ್ಕೆ ನಾಶ ಮಾಡುತ್ತಾರೆಂದು ಎಲ್ಲೋ ಕೇಳಿದ್ದ, ಅದೂ ಆಗಿರಲಿ. ಕಾಗದ ಇಲ್ಲದಿದ್ದರೆ ತನ್ನ ಮಾತೇ ಉಳಿಯುತ್ತದೆ.

ಕೋರ್ಟಿನ ರೆಕಾರ್ಡು ನೋಡಿಕೊಳ್ಳುತ್ತಿದ್ದವರು ತಿಪ್ಪೇರುದ್ರಮ್ಮ. ಕೇಸಿನ ನಂಬರು ಇವರಿಬ್ಬರಿಗೂ ಗೊತ್ತಿರಲಿಲ್ಲ. ಯಾವ ವರ್ಷ, ಯಾವ ಸ್ಟೇಷನ್, ಯಾವ ಹೆಸರು ಎಂದು ಕೇಳಿ, ಅರ್ಜಿಗೆ ಸ್ಟಾಂಪು ಅಂಟಿಸಿಕೊಂಡು, ಆಕೆ ಹಳೆಯ ರಿಜಿಸ್ಟರುಗಳನ್ನು ಒಂದೊಂದಾಗಿ ಧೂಳು ಕೊಡವಿ ತೆರೆದರು.

"ಮುಗ್ದಿರೋ ಕೇಸಾದ್ರೆ ಕಾಗ್ದ ಇಷ್ಟೊತ್ತಿಗೆ ನಾಶಕ್ಕೆ ಹೋಗಿರ್ತೈತೆ. ರಿಜಿಸ್ಟರ್‌ನಾಗೆ ಒಂದು ಸಾಲು ಇರ್ತೈತೆ ಅಷ್ಟೇ," ಎಂದರು.

"ಮುಗ್ದೈತ್ರೀ ಅಮ್ಮ. ಇವ್ನೇ ಕಟ್ಟಿರೋದು," ಎಂದು ಖಾದರ್ ಹೆಮ್ಮೆಯಿಂದ ಚೌಡೇಶನ ಬೆನ್ನು ತಟ್ಟಿದ. ಆ ಪೆಟ್ಟು ಚೌಡೇಶನಿಗೆ ಇವತ್ತಿಗೂ ಬೆನ್ನಲ್ಲಿದೆ.

ಒಂದು ಗಂಟೆಯ ಮೇಲೆ ತಿಪ್ಪೇರುದ್ರಮ್ಮ ತೆಳ್ಳಗಿನ ಫೈಲೊಂದನ್ನು ತಂದಿಟ್ಟರು. "ಸಿಕ್ತು ನೋಡಿ. ಇದು ನಾಶಕ್ಕೆ ಹೋಗಿಲ್ಲ, ಯಾಕಂದ್ರೆ ಮುಗ್ದೇ ಇಲ್ಲ. ವಾರಂಟ್ ತಳಕಿಗೆ ಹೋಗಿ, ಆಸಾಮಿ ಈ ವಿಳಾಸದಾಗಿಲ್ಲ ಅಂತ ವಾಪಸ್ ಬಂದೈತೆ."

ಖಾದರನ ಸಿಟ್ಟು ನೆತ್ತಿಗೇರಿತು. "ಅದ್ಹೆಂಗಮ್ಮಾ? ನಿಮ್ಮೋರೇ ತಪ್ಪು ಬರ್ದಿರ್ಬೇಕು. ಲೇ ಚೌಡೇಶ, ನೀನು ಓದು. ಬ್ಯಾರೆ ಯಾರು ಓದಿದ್ರೂ ನಂಗೆ ಬ್ಯಾಡ. ನೀನು ಓದಿ ಹೇಳು, ಏನೈತೆ ಅದ್ರಾಗೆ?"

ತಿಪ್ಪೇರುದ್ರಮ್ಮ ಫೈಲನ್ನು ಚೌಡೇಶನ ಕಡೆ ತಿರುಗಿಸಿ, ಕಾಯುತ್ತಿದ್ದ ಇನ್ನೊಬ್ಬರನ್ನು ವಿಚಾರಿಸಲು ಹೋದರು. ನೀಲಿ ಶಾಯಿಯ ಎರಡು ಸಾಲು. ಇಪ್ಪತ್ತು ವರ್ಷದಿಂದ ಚೌಡೇಶ ಓದಿದ್ದೇ ಖಾದರನಿಗೆ ಅಕ್ಷರ. ಈಗಲೂ ಏನು ಓದಿದರೂ ನಂಬುತ್ತಾನೆ, ನಂಬಿ ಈ ಹೆಂಗಸಿನ ಜೊತೆ ಜಗಳಕ್ಕೆ ಬೀಳುತ್ತಾನೆ. ಚೌಡೇಶ ಇದ್ದದ್ದನ್ನು ಇದ್ದ ಹಾಗೇ ಓದಿದ.

"ಆರೋಪಿಯನ್ನು ಮೂರು ಸಲ ಕೂಗಿಸಲಾಯಿತು. ಗೈರುಹಾಜರು. ವಾರಂಟ್ ಹೊರಡಿಸಿ." ಫೈಲು ಮುಚ್ಚಿದ. "ಬರ್ದಿರೋದು ಸರಿ ಐತೆ ಖಾದರ್. ನಾನು ಅಲ್ಲೇ ಇದ್ದೆ. ಹಿಂದಿನ ಬೆಂಚಿನಾಗೆ. ಮೂರು ಸಲಾನೂ ಕೇಳಿಸ್ತು. ಹಣೆ ಮ್ಯಾಲೆ ಕುಂಕುಮ ಇತ್ತು, ಸೀರೆ ಇನ್ನೂ ಕೊಟ್ಟಿರ್ಲಿಲ್ಲ. ಓ ಅನ್ನಾಕೆ ಆಗ್ಲಿಲ್ಲ."

ಖಾದರ್ ಅವನ ಹಣೆಯನ್ನೇ ನೋಡಿದ.

"ನೀನು ಆಯ್ತು ಅಂದಿದ್ದೆ," ಎಂದ.

"ಅಂದಿದ್ದೆ."

"ಕುಂಕುಮ ಇತ್ತು ಅಂದಿದ್ರೆ ನಾನು ಬೈತಿದ್ನೇನೋ? ಮಾರ್ನೇ ದಿನ ನಾನೇ ಹೋಗ್ತಿದ್ದೆ." ಖಾದರನ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೌಡೇಶ ತಡೆದುಕೊಳ್ಳುತ್ತಿದ್ದ. "ಹೋಗ್ಲಿ, ಮೊನ್ನೆ ನಿನ್ ಮನೆಗೆ ಬಂದಿದ್ವಲ್ಲೋ. ನಿನ್ ಕೈ ಹಿಡ್ಕೊಂಡಿದ್ನಲ್ಲೋ. ಆವತ್ತು ಬಾಯಿ ಬಿಟ್ಟಿದ್ರೂ ದಿನ ಇತ್ತು."

ಚೌಡೇಶ ತಿಪ್ಪೇರುದ್ರಮ್ಮನವರ ಹತ್ತಿರ ಹೋಗಿ, ಇವತ್ತೇ ದಂಡ ಕಟ್ಟಬಹುದೇ ಎಂದು ಕೇಳಿದ. ನ್ಯಾಯಾಧೀಶರು ರಜೆಯಲ್ಲಿದ್ದರು. ಸೋಮವಾರ ಬನ್ನಿ ಎಂದರು ತಿಪ್ಪೇರುದ್ರಮ್ಮ. ಶನಿವಾರ ಬಂತು, ಹೋಯಿತು. ಸಾಬಿರಾ ತನ್ನ ಹೊಸ ಪಾಸ್‌ಪೋರ್ಟನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟಳೆಂದು ಆಮೇಲೆ ತಿಳಿಯಿತು.

ಸೋಮವಾರ ಯಾರೂ ಕರೆಯದಿದ್ದರೂ ಚೌಡೇಶ ಚಳ್ಳಕೆರೆಗೆ ಬಂದ. ಅದೇ ಹಿಂದಿನ ಬೆಂಚು. ಜಂಪಣ್ಣನ ತಲೆ ನೆರೆತಿತ್ತು, ಗಂಟಲು ಮಾತ್ರ ಹಾಗೇ ಇತ್ತು.

"ಅಬ್ದುಲ್ ಖಾದರ್!"

"ಓ," ಎಂದು ಖಾದರ್ ಮುಂದೆ ನಡೆದ. ಹಿಂದಿನ ಬೆಂಚಿನಲ್ಲಿ ಚೌಡೇಶನೂ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ಗೊತ್ತಿರಲಿಲ್ಲ.

"ನೀನ್ಯಾಕಯ್ಯಾ ಎದ್ದೆ?" ಜಂಪಣ್ಣ ದನಿ ತಗ್ಗಿಸಿ ಗದರಿದ. "ನಿನ್ನ ಕರ್ದಿಲ್ಲ. ಕೂತ್ಕೋ."

ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದರು. ಖಾದರ್ ಒಪ್ಪಿಕೊಂಡ. ದಂಡ ಹಾಕಿದರು, ಕಟ್ಟಿದ, ವಾರಂಟ್ ವಾಪಸಾಯಿತು. ಎಲ್ಲ ಸೇರಿ ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ವರಾಂಡದಲ್ಲಿ ಚೌಡೇಶ ಅಡ್ಡ ನಿಂತ. "ಖಾದರ್, ಮಾಫ್ ಮಾಡೋ."

"ಮಾಡಿದೀನಿ," ಎಂದ ಖಾದರ್. "ಸಾಬಿರಾನೂ ಮಾಡವ್ಳೆ. ಅತ್ಕೊಂಡೇ ಮಾಡವ್ಳೆ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷದ ರೂಢಿಯಲ್ಲಿ ಕೈಯಲ್ಲಿದ್ದ ರಸೀದಿಯನ್ನು ಚೌಡೇಶನ ಮುಂದೆ ಚಾಚಿದ. "ಏನ್ ಬರ್ದೈತೆ?"

ಚೌಡೇಶ ಎರಡು ಸಲ ಓದಿದ, ಒಂದಕ್ಷರ ಬಿಡದೆ. ಹೆಸರು, ಕೇಸಿನ ನಂಬರು, ದಂಡ ಸಂದಾಯವಾಗಿದೆ ಎಂಬ ಸಾಲು, ಕೆಳಗೆ ಸಹಿ ಮತ್ತು ಮೊಹರು.

"ಆಯ್ತು ಖಾದರ್," ಎಂದ. "ಎಲ್ಲ ಮುಗೀತು ಅಂತ ಬರ್ದೈತೆ."

ಖಾದರ್ ತಲೆಯಾಡಿಸಿ ರಸೀದಿಯನ್ನು ಮಡಚಿ ಜೇಬಿಗೆ ಹಾಕಿದ. ಎರಡು ಮೆಟ್ಟಿಲು ಇಳಿದ, ನಿಂತ. ಚೌಡೇಶನ ಕಡೆ ನೋಡದೆ ಮತ್ತೆ ಮೇಲೆ ಹತ್ತಿ ಬಾಗಿಲ ಬಳಿಗೆ ಹೋದ. ಜೇಬಿನಿಂದ ರಸೀದಿ ತೆಗೆದು ಬಿಡಿಸಿ ಜಂಪಣ್ಣನ ಮುಂದೆ ಹಿಡಿದ.

"ಅಣ್ಣಾ," ಎಂದ ಮೆಲ್ಲಗೆ, "ಇದ್ರಾಗೆ ಏನೈತೆ, ಸ್ವಲ್ಪ ಓದಿ ಹೇಳು."