ಬಸಯ್ಯನ ಗಾಲಿಮನೆಗೆ ಮೂಗು ಬಂತು

ಪರವೂರಿಗೆ ಹೊರಟರೆ ಎಲ್ಲರ ಮನೆಯಲ್ಲೂ ಅದೇ ಚಿಂತೆ. ಸ್ನಾನ ಎಲ್ಲಿ, ಊಟ ಎಲ್ಲಿ? ಪೀರನವಾಡಿಯ ಗಂಗಾದೇವಿಗೆ ಇನ್ನೊಂದು ಚಿಂತೆಯೂ ಇತ್ತು. ಮಿಂದು ಲಿಂಗಪೂಜೆ ಮಾಡಿಕೊಳ್ಳದೆ ಆಕೆ ಒಂದು ಗುಟುಕು ಚಹಾ ಸಹ ಬಾಯಿಗೆ ಹಾಕುವವಳಲ್ಲ. ಹೀಗಾಗಿ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟೇ ಆಕೆಯ ಪ್ರಪಂಚ. ಖಾನಾಪುರ ಅದರ ತುದಿ. ಅದನ್ನು ದಾಟಿ ಘಟ್ಟ ಇಳಿದರೆ ಸಮುದ್ರ ಇದೆಯೆಂದು ಕೇಳಿದ್ದಳು, ನೋಡಿರಲಿಲ್ಲ.

“ಒಮ್ಮೆ ಸಮುದ್ರ ನೋಡಬೇಕ್ರಿ,” ಎಂದು ಗಂಡನಿಗೆ ಹೇಳಿದಳು.

ಗಂಡ ಬಸಯ್ಯ ಸಾಮಾನ್ಯ ಆಸಾಮಿಯಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಆಯುಷ್ಯವೆಲ್ಲ ಮರಳಿನ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಹೊಯ್ದವನು. ಅವನು ಸೀನಿದರೆ ಅಲ್ಲಿನ ಕೋಟೆಯ ಕಲ್ಲುಗಳು ಅಲುಗುತ್ತಿದ್ದವು. ಅವನ ಎರಕದಲ್ಲಿ ಒಂದು ತೂತು ಹುಡುಕಲು ಹೋದ ಇನ್ಸ್‌ಪೆಕ್ಟರುಗಳೆಲ್ಲ ಕಣ್ಣು ಮಂಜಾಗಿ, ಕೊನೆಗೆ ಕನ್ನಡಕದಂಗಡಿ ಇಟ್ಟುಕೊಂಡು ಬದುಕಿದರು. ಅಂಥವನು ನಿವೃತ್ತನಾದ ಮೇಲೆ ಹಳೆಯ ಟೆಂಪೋ ತಂದು ಅದನ್ನೇ ಮನೆ ಮಾಡಿದ. ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ, ಮೂಲೆಯಲ್ಲಿ ಪೂಜೆಗೊಂದು ಮಣೆ. ಚಳಿಗೆ ಇರಲೆಂದು ತಾನೇ ಎರಕ ಹೊಯ್ದ ಇದ್ದಿಲಿನ ಶೇಗಡಿ. ಆಮೇಲೆ ರಬ್ಬರು, ಅಂಟು ಹಿಡಿದು ಸಂದುಗೊಂದಿಯೆಲ್ಲ ಮುಚ್ಚಿಬಿಟ್ಟ. ಆ ಗಾಡಿಯನ್ನು ಹೊಳೆಗೆ ಬಿಟ್ಟಿದ್ದರೆ ತೇಲುತ್ತ ಮಸ್ಕತ್ ಮುಟ್ಟುತ್ತಿತ್ತು.

“ಇರುವಿ ಒಳಗ ಬರಬೇಕಂದ್ರೂ ನನ್ನ ಕೇಳಿ ಬರಬೇಕು,” ಎಂದು ಓಣಿಗೆಲ್ಲ ಸಾರಿದ.

ಮೊದಲ ವಸತಿ ಖಾನಾಪುರದಲ್ಲಿ, ಗಂಗಾದೇವಿಯ ಗೆಳತಿ ಸುಹಾಸಿನಿಯ ಅಂಗಳದಲ್ಲಿ. ಸುಹಾಸಿನಿ ಮತ್ತು ಅವಳ ಗಂಡ ಕೃಷ್ಣಾಜಿ ವರ್ಷದ ಅರ್ಧ ಇಂಥದೇ ಗಾಡಿಯಲ್ಲಿ ಊರೂರು ತಿರುಗುವವರು. ಅಂದು ಅಲ್ಲಿ ಎಂಥ ಮಳೆ ಹಿಡಿದಿತ್ತೆಂದರೆ ಕಪ್ಪೆಗಳೂ ಕೊಡೆ ಕೇಳುತ್ತಿದ್ದವು. ಸುಹಾಸಿನಿ ಗಾಡಿ ಹತ್ತಿ ಸುತ್ತ ನೋಡಿದಳು.

“ಚಂದ ಐತ್ರಿ ಅಯ್ಯಾರ. ಬಾಗಿಲ ಹಾಕಿದ ಮ್ಯಾಲ ಗಾಳಿ ಎಲ್ಲಿಂದ ಬರತೈತಿ?”

“ಬರಂಗಿಲ್ಲ. ಅದ ನೋಡ್ರಿ ಬಾಯಾರ, ನನ್ನ ಕೈಚಳಕ.”

“ಮತ್ತ ಉಸರ ಹ್ಯಾಂಗ ಆಡತೀರಿ?”

“ಪೀರನವಾಡಿಯಿಂದ ತುಂಬ್ಕೊಂಡ ಬಂದೇನಿ.”

ಸುಹಾಸಿನಿ ನಗಲಿಲ್ಲ. ತನ್ನ ಗಾಡಿಯಿಂದ ಅಂಗೈಯಗಲದ ಡಬ್ಬಿಯೊಂದನ್ನು ತಂದು ಗೋಡೆಗೆ ಸಿಕ್ಕಿಸಿದಳು. “ಇದು ಇಲ್ಲೇ ಇರಲಿ. ವಿಷಗಾಳಿ ಆದ್ರ ಕೂಗತೈತಿ.”

“ಕೂಗಾಕ ಮನಿಯಾಗ ಒಬ್ಬಾಕಿ ಅದಾಳಲ್ರಿ,” ಎಂದ ಬಸಯ್ಯ.

“ಕೂಗಿದ್ರ ಕೇಳಾವ್ರೂ ಇರಬೇಕಲ್ಲ,” ಎಂದಳು ಗಂಗಾದೇವಿ, ಜೋಳದ ಹಿಟ್ಟು ನಾದುತ್ತ.

ಸುಹಾಸಿನಿ ಮನೆಯೊಳಗೆ ಹೋದಳು. ಥಂಡಿ ಏರಿತು. ಬಸಯ್ಯ ಶೇಗಡಿಗೆ ಇದ್ದಿಲು ಸುರಿದು ಹೊತ್ತಿಸಿ, ಬಾಗಿಲು ಬಿಗಿದು, ಅರಸನಂತೆ ಮಂಚದ ಮೇಲೆ ಕುಳಿತ. ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಹೊತ್ತಿಗೆ ನಿಧಾನವಾಯಿತು.

“ತಲಿ ಯಾಕೋ ಧಿಮ್ ಅನ್ನಾಕತ್ತೈತ್ರಿ.”

“ಗಾಡ್ಯಾಗ ಕುಂತು ರೂಢಿ ಇಲ್ಲ ನಿನಗ.”

ಅಷ್ಟರಲ್ಲಿ ಡಬ್ಬಿ ಕಿರುಚಿತು. ಲೋಂಡಾ ನಿಲ್ದಾಣದ ರೈಲು ಹೊರಡುವುದನ್ನು ಬಿಟ್ಟು ಇತ್ತ ತಿರುಗಿ ನೋಡಿತು. ಸುಹಾಸಿನಿ ಮಳೆಯಲ್ಲೇ ಓಡಿಬಂದು ಬಾಗಿಲು ಎಳೆದಳು.

“ಮೊದಲ ಹೊರಗ ಬರ್ರಿ. ಮಾತು ಆಮ್ಯಾಲ.”

ಸುಹಾಸಿನಿಯ ಮನೆಯ ಮಾಡಿನಡಿಯ ಕಟ್ಟೆಯ ಮೇಲೆ ಕುಳಿತು ಗಂಗಾದೇವಿ ಗಾಳಿ ಎಳೆದುಕೊಂಡಳು. ಸುಹಾಸಿನಿ ಫೋನು ಕೈಯಲ್ಲೇ ಹಿಡಿದು, “ಕಡಿಮಿ ಆಗಲಿಲ್ಲಂದ್ರ ಈಗಿಂದೀಗ ನೂರಾ ಹನ್ನೆರಡಕ್ಕ ಹಚ್ಚತೀನಿ,” ಎಂದು ಪಕ್ಕದಲ್ಲೇ ಕುಳಿತಳು. ಮೆಲ್ಲಗೆ ಗಂಗಾದೇವಿಯ ಮುಖ ತಿಳಿಯಾಯಿತು.

“ಆ ಡಬ್ಬಿ ಕೆಟ್ಟೈತಿ,” ಎಂದ ಬಸಯ್ಯ. “ಹೊಗಿ ಇಲ್ಲ, ವಾಸನಿ ಇಲ್ಲ. ಕೆಂಡ ನಿಗಿನಿಗಿ ಇದ್ದುವು.”

“ಅದ ಮೋಸ, ಅಯ್ಯಾರ. ಕಾರ್ಬನ್ ಮೊನಾಕ್ಸೈಡ್ ಅಂತಾರ ಅದಕ್ಕ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಹತ್ತಂಗಿಲ್ಲ. ತಲಿ ಭಾರ ಆಕ್ಕೈತಿ, ವಾಂತಿ ಬಂದ್ಹಂಗ ಆಕ್ಕೈತಿ, ನಿದ್ದಿ ಎಳೀತೈತಿ. ಮಲಗಿದಾವ್ರು ಏಳಂಗಿಲ್ಲ.”

“ನನ್ನ ಗಾಡ್ಯಾಗ ಹಂಗ ಆಗೂದಿಲ್ಲ ಬಿಡ್ರಿ.”

ಗಂಗಾದೇವಿ ಸೆರಗು ಕೊಡವಿದಳು. “ಹಂಗಾರ ನಾ ಬರೂದಿಲ್ಲ. ಸಮುದ್ರ ಇದ್ದಲ್ಲೇ ಇರಲಿ. ನನ್ನ ಊರ ಬಸ್ಸಿಗೆ ಹಚ್ಚರಿ.”

ಬಸಯ್ಯನ ಮೀಸೆ ಮೊದಲ ಬಾರಿಗೆ ಕೆಳಗಿಳಿಯಿತು. ಆಕೆಯ ಸಮುದ್ರಕ್ಕಾಗಿಯೇ ಅಲ್ಲವೆ ಅವನು ಇಷ್ಟೆಲ್ಲ ಕಟ್ಟಿದ್ದು?

“ಒಂದು ಕೇಳತೀನಿ,” ಎಂದಳು ಆಕೆ. “ಫೌಂಡ್ರ್ಯಾಗ ಅಚ್ಚು ಕಟ್ಟಿದ ಮ್ಯಾಲ ಮರಳಿನಾಗ ಉದ್ದನ್ನ ಸೂಜಿ ಚುಚ್ಚತಿದ್ರಲ್ಲ, ಯಾಕ?”

“ಗಾಳಿ ಹೋಗಾಕ. ಕಾದ ಗಾಳಿಗೆ ಹಾದಿ ಸಿಗದಿದ್ರ ಒಳಗ ಉಳದು ಎರಕ ಕೆಡಸತೈತಿ. ಒಮ್ಮೊಮ್ಮೆ ಕಬ್ಬಿಣಾನ ಸಿಡೀತೈತಿ.”

“ಅಚ್ಚಿಗೆ ಬೇಕಾದ ಹಾದಿ ಹೆಂಡ್ತಿಗೆ ಬ್ಯಾಡೇನ್ರಿ?”

ಬಸಯ್ಯ ಗಾಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

“ಬಾಯಾರ, ನಿಮ್ಮನಿಯಾಗ ಡ್ರಿಲ್ ಮಶಿನ್ ಐತೇನು?”

ಮರುದಿನ ಗಾಲಿಮನೆಗೆ ಮೂಗು ಬಂತು. ಛಾವಣಿಯಲ್ಲಿ ಒಂದು ಕಿಂಡಿ, ನೆಲದ ಹತ್ತಿರ ಒಂದು ಕಿಂಡಿ, ಎರಡಕ್ಕೂ ಜಾಲರಿ. ಸಿಲಿಂಡರಿಗೆ ಬೇರೆಯೇ ಪೆಟ್ಟಿಗೆ, ಅದರ ತಳದಲ್ಲಿ ಹೊರಕ್ಕೆ ತೂತು, ಏಕೆಂದರೆ ಸೋರಿದ ಅಡುಗೆ ಗ್ಯಾಸು ಭಾರ, ಕೆಳಗೇ ಇಳಿದು ಕೂರುತ್ತದೆ. ಕೃಷ್ಣಾಜಿ ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರೊಂದನ್ನು ತೂಗುಹಾಕಿದ.

“ಗಾಡಿ ಬದಲಿ ಮಾಡಿದ್ದಕ್ಕ ಆರ್‌ಟಿಓ ಒಪ್ಪಿಗಿ ಐತಿಲ್ಲ?” ಎಂದು ಸುಹಾಸಿನಿ ಕೇಳಿದಳು.

“ಅದೊಂದು ಶಾಣ್ಯಾತನ ಮಾಡೇನ್ರಿ.”

“ಭಾಂಡಿ ತೊಳದ ನೀರು ಮಲಪ್ರಭಾ ಹೊಳಿಗೆ ಸುರೂಬ್ಯಾಡ್ರಿ, ಟಾಕ್ಯಾಗ ಹಿಡದು ಗಟಾರ ಇದ್ದಲ್ಲಿ ಬಿಡ್ರಿ. ಹೆದ್ದಾರ್ಯಾಗ ಗಾಡಿ ಕೆಟ್ಟು ನಿಂತ್ರ ಸಾವಿರದ ಮೂವತ್ಮೂರಕ್ಕ ಫೋನ್ ಹಚ್ಚರಿ. ಅಡವ್ಯಾಗ ವಸ್ತಿ ಮಾಡಬ್ಯಾಡ್ರಿ. ಶೇಗಡಿ ಇಲ್ಲೇ ಬಿಡ್ರಿ.”

“ಕಿಂಡಿ ಆದುವಲ್ರಿ?”

“ಆದ್ರೂ ಇದ್ದಿಲು ಒಳಗ ಬ್ಯಾಡ.”

ಶೇಗಡಿ ಸುಹಾಸಿನಿಯ ಅಂಗಳದಲ್ಲಿ ಅಬ್ಬಲಿಗೆಯ ಕುಂಡವಾಯಿತು.

ಮಳೆ ನಿಂತ ಮೇಲೆ ಗಾಲಿಮನೆ ಘಟ್ಟ ಇಳಿಯಿತು. ಬೆಳಿಗ್ಗೆ ಗಂಗಾದೇವಿ ಟಾಕಿಯ ನೀರಲ್ಲಿ ಮಿಂದು, ತನ್ನ ಮಣೆಯ ಮೇಲೆ ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದಳು. ಕೆಳಗಿನ ಕಿಂಡಿಯಿಂದ ಬಂದ ಉಪ್ಪುಗಾಳಿ ವಿಭೂತಿಯನ್ನು ಒಂದಿಷ್ಟು ಹಾರಿಸಿತು. ಬಾಗಿಲು ತೆರೆದು ಬಹಳ ಹೊತ್ತು ಸಮುದ್ರ ನೋಡಿದಳು.

“ಇಷ್ಟು ನೀರು,” ಎಂದಳು ಕೊನೆಗೆ, “ಮತ್ತ ಒಂದು ತಂಬಿಗಿ ಕುಡ್ಯಾಕ ಬರಂಗಿಲ್ಲ. ಥೇಟ್ ನಿಮ್ಮ ಮಾತಿನ್ಹಂಗ.”

ಬಸಯ್ಯ ಚಹಾಕ್ಕೆ ಇಟ್ಟ. ಅದಕ್ಕೂ ಮೊದಲು ಕಿಂಡಿಗೆ ಕೈಯೊಡ್ಡಿ ಗಾಳಿ ಬರುತ್ತಿದೆಯೇ ಎಂದು ನೋಡಿದ.

ಓದಿದವರೇ, ಕೇಳಿದವರೇ, ಈ ಕಥೆಯಲ್ಲಿ ರೈಲು, ಕಪ್ಪೆ, ಕನ್ನಡಕದಂಗಡಿಗೆ ಉಪ್ಪುಖಾರ ತುಸು ಹೆಚ್ಚಾಗಿರಬಹುದು. ಗಾಳಿಯ ಮಾತಿಗೆ ಒಂದು ಹರಳೂ ಹೆಚ್ಚು ಹಾಕಿಲ್ಲ. ಗಾಲಿಮನೆ ಕಟ್ಟಿದ್ದೀರಾ, ಬಾಡಿಗೆಗೆ ತಂದಿದ್ದೀರಾ, ಬರೇ ಕಾರಿನಲ್ಲೇ ಮಲಗುತ್ತೀರಾ? ಮೇಲೊಂದು, ಕೆಳಗೊಂದು ಕಿಂಡಿ ಇಡಿ; ಕಾರಾದರೆ ಎಂಜಿನ್ ಆರಿಸಿ, ಗಾಜು ತುಸು ಇಳಿಸಿ. ಕೂಗುವ ಡಬ್ಬಿ ಹಾಕಿಸಿ. ಗಾಡಿ ಓಡುವಾಗ ಸಿಲಿಂಡರ್ ಬಂದ್ ಮಾಡಿ. ಇದ್ದಿಲು ಹೊರಗಿರಲಿ. ತಲೆ ಭಾರವಾದರೆ ವಾದ ಮಾಡದೆ ಮೊದಲು ಹೊರಗೆ ಬನ್ನಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ನೋಡಲು ನೀವು ಇರಬೇಕು, ಅಷ್ಟೇ.