ಅಜ್ಜಿಯ ಸೆರಗಿನ ಕೆಮ್ಮು

ಮುತ್ತಿನಕೊಪ್ಪದ ವೀರಬಸಮ್ಮನಿಗೆ ಮೂರು ದಿನದಿಂದ ನೆಗಡಿ, ಕೆಮ್ಮು. ಮಗಳು ನೀಲಾಂಬಿಕೆ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಇಪ್ಪತ್ತೆರಡು ದಿನ. ದಿನ ತುಂಬುವ ಮೊದಲೇ ಹುಟ್ಟಿದ, ಎತ್ತಿಕೊಂಡರೆ ಭಾರವೇ ತಿಳಿಯದಂಥ ಹೆಣ್ಣುಮಗು.

ಅದು ಎರಡು ಸಾವಿರದ ಒಂಬತ್ತರ ಆಗಸ್ಟ್. ರೇಡಿಯೊದಲ್ಲಿ ದಿನವೂ ಹಂದಿಜ್ವರದ ಸುದ್ದಿ. ಆಶಾ ಕಾರ್ಯಕರ್ತೆ ಶಾಂತಕ್ಕ ಮಗುವನ್ನು ನೋಡಲು ಬಂದಾಗ ಮೊಮ್ಮಗಳು ಅಜ್ಜಿಯ ತೊಡೆಯ ಮೇಲಿದ್ದಳು. ವೀರಬಸಮ್ಮ ಮುಖ ತಿರುಗಿಸಿ, ಸೆರಗು ಅಡ್ಡ ಹಿಡಿದು ಕೆಮ್ಮಿದಳು. ಮೂಗು ಒರೆಸಿಕೊಂಡಳು. ಮಗು ಕಕ್ಕಿದ ಹಾಲನ್ನು ಅದೇ ಸೆರಗಿನಿಂದ ಮೆತ್ತಗೆ ಒರೆಸಿದಳು.

ಶಾಂತಕ್ಕ ಚೀಲ ಕೆಳಗಿಟ್ಟು ಹತ್ತಿರ ಬಂದಳು.

“ವೀರಬಸಕ್ಕ, ಮಗೂನ ನೀಲಾ ಹತ್ರ ಕೊಡಿ.”

“ಎಂತಕ್ಕೆ? ನಾನೇನು ಅದರ ಮುಖಕ್ಕೆ ಕೆಮ್ಮಿದ್ನಾ? ಸೆರಗು ಅಡ್ಡ ಹಿಡೀಲಿಲ್ವಾ?”

“ಹಿಡಿದ್ರಿ. ಹನಿಯೆಲ್ಲ ಸೆರಗಿಗೆ ಬಿತ್ತು. ಆಮೇಲೆ ಆ ಸೆರಗು ಎಲ್ಲಿಗೆ ಹೋಯ್ತು?”

ವೀರಬಸಮ್ಮ ಸೆರಗನ್ನು ನೋಡಿಕೊಂಡಳು.

“ಇದು ಬರೀ ಥಂಡಿ ಮಾರಾಯ್ತಿ. ರೇಡಿಯೊದವರ ಜ್ವರ ಅಲ್ಲ.”

“ಯಾವುದು ಅಂತ ನೋಡಿ ಹೇಳೋಕೆ ನಂಗೂ ಬರಲ್ಲ. ಆದ್ರೆ ನಮಗೆ ಬರೀ ನೆಗಡಿ ಆಗೋದು ಇಷ್ಟು ಸಣ್ಣ ಮಗೂಗೆ ಉಸಿರಾಟಕ್ಕೇ ತೊಂದರೆ ಮಾಡಬಹುದು. ಕೆಮ್ಮಿದ್ರೆ, ಸೀನಿದ್ರೆ ಹಾರೋ ಸಣ್ಣ ಹನಿಯಲ್ಲಿ ವೈರಸ್ ಇರ್ತದೆ. ಹತ್ರ ಇದ್ದವರ ಉಸಿರಿನ ಜೊತೆ ಒಳಗೆ ಹೋಗ್ತದೆ. ಲೋಟ, ಚಿಲಕದ ಮೇಲೂ ಸುಮಾರು ಹೊತ್ತು ಉಳೀತದೆ. ಅದನ್ನ ಮುಟ್ಟಿದ ಕೈ ಮೂಗು, ಬಾಯಿ, ಕಣ್ಣಿಗೆ ಹೋದ್ರೆ ಸಾಕು.”

“ಹಂಗಾದ್ರೆ ನನ್ನ ಮೊಮ್ಮಗಳನ್ನ ನಾನೇ ಮುಟ್ಟಬಾರದಾ?”

ನೀಲಾಂಬಿಕೆ ತಲೆ ತಗ್ಗಿಸಿಕೊಂಡೇ ಹೇಳಿದಳು.

“ಕೆಮ್ಮು ಹೋಗೋವರೆಗೆ ಅಷ್ಟೇ ಅಮ್ಮ. ನಿನ್ನೆಯೇ ಹೇಳಬೇಕು ಅಂತಿದ್ದೆ. ನಿಂಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ.”

ವೀರಬಸಮ್ಮ ಮಗುವನ್ನು ಮಗಳಿಗೆ ಕೊಟ್ಟಳು. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು, ಸೀರೆ ಬದಲಿಸಿ, ತನ್ನ ಚಾಪೆಯನ್ನು ಜಗಲಿಗೆ ಹಾಕಿಕೊಂಡಳು.

ಸಂಜೆ ಅವಳ ಗಂಡ ರೇಣುಕಪ್ಪ ಪೇಟೆಯಿಂದ ಬಂದವನೇ ಸೀದಾ ಮಗುವಿನ ಕೋಣೆಯತ್ತ ಹೊರಟ.

“ರೀ, ಅಲ್ಲೇ ನಿಲ್ರೀ! ಬಸ್ಸಿನ ಕಂಬಿ ಹಿಡಿದ ಕೈ ಅದು. ಸೋಪು ಹಚ್ಚಿ ತೊಳೀರಿ.”

“ಬೆಳಗ್ಗೆ ಸರಿ ಇದ್ಯಲ್ಲೇ! ಯಾವಾಗ ಡಾಕ್ಟರಮ್ಮ ಆದೆ?”

“ಬೆರಳ ಸಂದಿಗೂ ಹಚ್ಚಿ. ಎತ್ತಿಕೊಳ್ಳದೆ ನಾನೇ ಇಲ್ಲಿ ಕೂತಿದ್ದೀನಿ, ನಿಮ್ಮದೇನು!”

ರೇಣುಕಪ್ಪ ಬಚ್ಚಲಿಗೆ ನಡೆದ.

ಓದುತ್ತಿರುವ ಅಕ್ಕ ತಂಗಿಯರೇ, ಕೆಮ್ಮುವಾಗ ಮೊಣಕೈ ಮಡಿಚಿ ಅಡ್ಡ ಹಿಡಿಯಿರಿ. ಮೂಗು ಒರೆಸಿದ ಬಟ್ಟೆ ಮಗುವಿನ ಮುಖಕ್ಕೆ ಬೇಡ. ಹೊರಗಿನಿಂದ ಬಂದವರು ಮೊದಲು ಕೈ ತೊಳೆಯಲಿ. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರು ಜೋರಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೆಮ್ಮುವವರು ಎಷ್ಟೇ ಹತ್ತಿರದವರಾದರೂ, ಅವರಿಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡಿರಬೇಡಿ. ಮೆಲ್ಲಗೆ ಹೇಳಿ, ಆದರೆ ಇವತ್ತೇ ಹೇಳಿ.